ಕಾಯಿಸದ ಹಾಲು

ನಮ್ಮ ಬಿಲ್ಡಿಂಗಿನಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮಕ್ಕಳಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ತೀರ್ಥದ ಅಂಕಲ್. ಐವತ್ತು ದಾಟಿ, ಇನ್ಶೂರೆನ್ಸ್ ಆಫೀಸಿನಿಂದ ವಿಆರ್‌ಎಸ್ ತೆಗೆದುಕೊಂಡು ಮನೆಯಲ್ಲಿ ಕೂತ ನಾನೂ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ. ಎಪ್ಪತ್ತು ದಾಟಿದ ಅವರು ನನ್ನನ್ನು ತಾಯಿ ಎನ್ನುತ್ತಿದ್ದರು. ಇಬ್ಬರೂ ಚಿಕ್ಕವರಾಗುವುದಕ್ಕೆ ಪೈಪೋಟಿಗೆ ಬಿದ್ದ ಹಾಗಿತ್ತು. ಅವರು ತೀರಿಕೊಂಡು ಈಗ ಕೆಲವು ತಿಂಗಳಾದವು. ಜೆ.ಪಿ. ನಗರದ ನಮ್ಮ ರಸ್ತೆಯಲ್ಲಿ ಅವರನ್ನು ನೆನೆಸಿಕೊಳ್ಳುವವರೇ ಕಡಿಮೆ. ನೆನೆಸಿಕೊಂಡವರೂ 'ಪಾಪ, ಆ ಹಾಲಿನ ಕಾಯಿಲೆ ಬಂದಿತ್ತಲ್ಲ, ಅವರು ತಾನೆ' ಎನ್ನುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಕಾಯಿಲೆ ಪೂರ್ತಿ ವಾಸಿಯಾಗಿತ್ತು, ಅವರು ಹೋದದ್ದು ಅದರಿಂದಲ್ಲ. ಇಷ್ಟನ್ನಾದರೂ ಯಾರಾದರೂ ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ಸೋಮವಾರ ಬೆಳಗ್ಗೆ, ನಾನು ಎರಡನೇ ಕಾಫಿ ಬೆರೆಸುವ ಹೊತ್ತಿಗೆ, ಬೆಲ್ ಆಗುತ್ತಿತ್ತು. ಬಾಗಿಲು ತೆಗೆದರೆ ಅವರು ಎದುರಿಗೆ ಇರುತ್ತಿರಲಿಲ್ಲ. ಬೆಲ್ ಒತ್ತಿ, ಹಿಂದೆ ಸರಿದು, ಮೆಟ್ಟಿಲಿನ ಅಂಚಿಗೆ ಹೋಗಿ ನಿಂತಿರುತ್ತಿದ್ದರು. ಬಾಗಿಲಿನ ಕಿಂಡಿಯಿಂದ ನೋಡುವವರಿಗೆ ತಲೆಯಿಂದ ಕಾಲಿನವರೆಗೆ ಕಾಣಬೇಕಂತೆ, ಹೆಂಗಸರು ಹೆದರಬಾರದಂತೆ. ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಟವಲು, ಹಣೆ ತುಂಬ ವಿಭೂತಿ, ಕೈಯಲ್ಲಿ ಬೆಳ್ಳಿ ಬಟ್ಟಲು. ಬಟ್ಟಲಿನಲ್ಲಿ ಈಶ್ವರನ ಅಭಿಷೇಕದ ಹಾಲು, ಅದರಲ್ಲೊಂದು ಬಿಲ್ವಪತ್ರೆ. ಕೈ ಒಡ್ಡಿದರೆ ಪುಟ್ಟ ಚಮಚದಲ್ಲಿ ತೀರ್ಥ ಹಾಕಿ, 'ಇನ್ನೇನು ಕೊಡ್ಲಿ ತಾಯಿ?' ಎಂದು ಕೇಳುವರು. ಏನೂ ಬೇಡ ಎಂದ ಮೇಲೆಯೇ ಮುಂದಿನ ಮನೆ.

ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೇ. ಆದರೂ ಕೈ ಒಡ್ಡುತ್ತಿದ್ದೆ. ಮದುವೆ ಬೇಡವೆಂದು ಬಿಟ್ಟವಳು ನಾನು. ಮೈಸೂರಿನ ಅಕ್ಕ ಭಾನುವಾರ ಫೋನ್ ಮಾಡುತ್ತಾಳೆ, ಮಾತೆಲ್ಲ ಅವಳ ಮಂಡಿನೋವಿನದೇ. ಇನ್ನು ನನ್ನ ಬೆಲ್ ಒತ್ತುವವರೆಲ್ಲ ಪಾರ್ಸೆಲ್ ಹಿಡಿದು ಓಟಿಪಿ ಕೇಳುವವರು. ಏನನ್ನೂ ಕೇಳದೆ ಏನಾದರೂ ಕೊಡುವುದಕ್ಕೆ ಬರುತ್ತಿದ್ದವರು ಅವರೊಬ್ಬರೇ.

'ಇನ್ನೇನು ಕೊಡ್ಲಿ' ಎನ್ನುವುದು ಅಂಗಡಿಯ ಅಭ್ಯಾಸ. ಶ್ರೀನಗರದಲ್ಲಿ ಅವರದೊಂದು ಗ್ರಂಧಿಗೆ ಅಂಗಡಿ ಇತ್ತು. ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ, ಮದುವೆಯ ಸಾಮಾನು, ಬಾಣಂತಿಯ ಬೇರುನಾರು, ಎಲ್ಲ ಅಲ್ಲಿ ಸಿಗುತ್ತಿತ್ತಂತೆ. ಹೆಂಡತಿಗೆ ಮೆಟ್ಟಿಲು ಹತ್ತುವುದು ಕಷ್ಟವಾದಾಗ ಅಂಗಡಿಯನ್ನೂ ಅದರ ಮೇಲಿನ ಮನೆಯನ್ನೂ ಮಾರಿ, ಲಿಫ್ಟ್ ಇದೆ ಎಂಬ ಒಂದೇ ಕಾರಣಕ್ಕೆ ನಮ್ಮ ಬಿಲ್ಡಿಂಗಿಗೆ ಬಂದರು. ನನ್ನ ಮನೆಯ ಮೇಲಿನ ಮನೆ ಅವರದು. ಬಂದ ಮಾರನೇ ವರ್ಷವೇ ಆಕೆ ಹೋಗಿಬಿಟ್ಟರು. ಮಕ್ಕಳಿಲ್ಲ. ತುಮಕೂರಿನಲ್ಲಿ ಅಣ್ಣನ ಮಗನೊಬ್ಬ ಇದ್ದಾನೆ, ಅವನಿಗೆ ಅವನದೇ ವ್ಯಾಪಾರ, ಅವನದೇ ಸಂಸಾರ.

ಅಂಗಡಿ ಹೋದರೂ ಅವರ ಕೈ ಸುಮ್ಮನಾಗಿರಲಿಲ್ಲ. ಏನೇ ಕೊಡಲಿ, ಪೊಟ್ಟಣ ಕಟ್ಟಿಯೇ ಕೊಡುವರು. ಒಂದು ಸಲ ನನ್ನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಹೋದರು. ವಾಪಸು ಬಂದಾಗ ಅದನ್ನು ಪೇಪರಿನಲ್ಲಿ ಸುತ್ತಿ, ದಾರ ಬಿಗಿದು, ಮದುವೆ ಉಡುಗೊರೆಯ ಹಾಗೆ ಕೈಗಿಟ್ಟರು. ಬಿಚ್ಚುವುದಕ್ಕೆ ಕತ್ತರಿಯನ್ನೂ ನೀವೇ ಕೊಡುತ್ತೀರಾ ಎಂದು ರೇಗಿಸಿದೆ. ಅವರು ದಾರದ ತುದಿ ಹಿಡಿದು ಒಂದೇ ಸಲ ಎಳೆದರು, ಇಡೀ ಪೊಟ್ಟಣ ಬಿಚ್ಚಿಕೊಂಡಿತು. ಅವತ್ತು ಅವರು ನಕ್ಕದ್ದನ್ನು ನೋಡಬೇಕಿತ್ತು.

ಇನ್ನೊಂದು ಸಲ ಜಗಳಕ್ಕೇ ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ಅವರ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಶುರುವಾದರೆ ನನ್ನ ಮನೆಯ ಗೋಡೆಗೂ ಒಗ್ಗರಣೆ ಬೀಳುತ್ತಿತ್ತು, ಅಷ್ಟು ಜೋರು. ಅವರೇನೂ ಅಡುಗೆ ಮಾಡುವವರಲ್ಲ, ದಿನವೂ ಒಂದು ಅನ್ನ, ಒಂದು ಮೊಸರು. ಬಾಗಿಲು ತೆಗೆದ ತಕ್ಷಣ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ತಮ್ಮ ಮನೆಯವರಿಗೆ ಕಿವಿ ಸ್ವಲ್ಪ ಮಂದವಿತ್ತು, ಆ ಸೌಂಡೇ ಅಭ್ಯಾಸವಾಗಿ ಹೋಗಿದೆ ಎಂದರು. ನಾನು ಬೈಯುವುದಕ್ಕೆಂದು ಸಿದ್ಧ ಮಾಡಿಕೊಂಡಿದ್ದ ಮಾತನ್ನೆಲ್ಲ ನುಂಗಿಕೊಂಡು ಇಳಿದು ಬಂದೆ. ಆಮೇಲೆ ಅವರು ಸೌಂಡ್ ಕಡಿಮೆ ಮಾಡಿದರು. ನನಗೆ ಅದು ಸರಿಹೋಗಲಿಲ್ಲ, ಮೂರು ಗಂಟೆಯಾದರೆ ಮೇಲೆ ಕಿವಿ ಇಟ್ಟುಕೊಂಡು ಕೂರುತ್ತಿದ್ದೆ.

ಸೋಮವಾರದ ಪೂಜೆ ಮೊದಲು ಅವರ ಹೆಂಡತಿಯದಾಗಿತ್ತು. ಆಕೆ ಹೋದ ಮೇಲೆ ಇವರು ಹಿಡಿದರು, ಹಿಡಿದ ಮೇಲೆ ಬಿಡಲಿಲ್ಲ. ಅಭಿಷೇಕಕ್ಕೆ ಕಾಯಿಸಿದ ಹಾಲು ಬರುವುದಿಲ್ಲ ಎಂಬುದು ಅವರ ಮನೆತನದ ಕಟ್ಟಳೆ. ಪ್ಯಾಕೆಟ್ ಹಾಲನ್ನು ಡೈರಿಯಲ್ಲಿ ಒಮ್ಮೆ ಬಿಸಿ ಮಾಡಿಯೇ ತುಂಬುತ್ತಾರೆ ಎಂದು ಎಲ್ಲೋ ಓದಿಕೊಂಡಿದ್ದರು. ಸರಿ, ಅದೂ ಬರುವುದಿಲ್ಲ ಎಂದಾಯಿತು. ಆದ್ದರಿಂದ ಸೋಮವಾರ ನಸುಕಿನಲ್ಲೆದ್ದು, ಸ್ಟೀಲ್ ಕ್ಯಾನು ಹಿಡಿದು, ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿ ಗೊಟ್ಟಿಗೆರೆಗೆ ಹೋಗುವರು. ಅಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಹಸು ಕಟ್ಟಿಕೊಂಡಿರುವವನೊಬ್ಬನಿದ್ದ. ಕಣ್ಣೆದುರು ಹಾಲು ಕರೆಸಿಕೊಂಡು, ನೊರೆ ಆರುವ ಮೊದಲೇ ತಂದು ಅಭಿಷೇಕ. ಮನೆಮನೆಗೆ ಒಂದೊಂದು ಚಮಚ ಹಂಚಿ ಉಳಿದದ್ದನ್ನು ಸಿಂಕಿಗೆ ಚೆಲ್ಲುವ ಹಾಗಿಲ್ಲ, ದೇವರ ಮೇಲೆ ಬಿದ್ದದ್ದು. ಅದಷ್ಟನ್ನೂ ಅವರೇ ಕುಡಿಯುವರು. ಇದ್ಯಾವುದೂ ನನಗೆ ಆಗ ಗೊತ್ತಿರಲಿಲ್ಲ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವರಿಗೆ ಜ್ವರ ಶುರುವಾಯಿತು. ಬೆಳಗ್ಗೆ ಇರುವುದಿಲ್ಲ, ಸಂಜೆ ಏರುತ್ತದೆ, ಮೈ ಬೆವರಿ ಹಾಸಿಗೆ ಒದ್ದೆಯಾಗುತ್ತದೆ. ಸೊಂಟ ಹಿಡಿದುಕೊಂಡು ನಡೆಯುವರು. ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗುವರು, ನಾಲ್ಕು ದಿನ ಇಳಿದ ಹಾಗೆ ಆಗಿ ಮತ್ತೆ ಬರುತ್ತಿತ್ತು. ಒಬ್ಬ ಡಾಕ್ಟರು ಟೈಫಾಯಿಡ್ ಎಂದರು, ಇನ್ನೊಬ್ಬರು ವೈರಲ್ ಎಂದರು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದರು. ಅಂಥದ್ದರಲ್ಲೂ ಸೋಮವಾರದ ಬೆಲ್ ತಪ್ಪಲಿಲ್ಲ. ಒಂದು ವಾರ ಚಮಚ ನಡುಗಿ ತೀರ್ಥ ನನ್ನ ಅಂಗೈ ತಪ್ಪಿ ನೆಲಕ್ಕೆ ಬಿತ್ತು. ನಾನು ಬಟ್ಟಲು ಕಸಿದು ಒಳಗಿಟ್ಟು, ಬೈದು, ಆಟೋ ಕರೆಸಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕೌಂಟರಿನ ಹುಡುಗಿ ನಾನು ಪೇಷಂಟಿಗೆ ಏನಾಗಬೇಕು ಎಂದು ಕೇಳಿದಳು. ಕೆಳಗಿನ ಮನೆ ಎಂದೆ. ಅವಳ ಕಂಪ್ಯೂಟರಿನಲ್ಲಿ ಕೆಳಗಿನ ಮನೆಗೆ ಜಾಗವಿರಲಿಲ್ಲ. ಡಾಟರ್ ಅಂತ ಹಾಕಲಾ ಎಂದಳು, ಹಾಕಿಕೋ ಎಂದೆ. ಪಕ್ಕದ ಕುರ್ಚಿಯಲ್ಲಿದ್ದ ಅವರು ಟವಲಿನಿಂದ ಮುಖ ಒರೆಸಿಕೊಂಡರು.

ಅಡ್ಮಿಟ್ ಮಾಡಿಕೊಂಡು ರಕ್ತ, ಮೂತ್ರ, ಕಫ, ಸ್ಕ್ಯಾನು ಎಲ್ಲ ಆಯಿತು. ಸೋಂಕುರೋಗಗಳನ್ನು ನೋಡುವ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರೊಬ್ಬರು ದಿನವೂ ಬಂದು ಮಂಚದ ಅಂಚಿನಲ್ಲಿ ಕೂತು ಪ್ರಶ್ನೆ ಕೇಳುವರು. ಊರಿಗೆ ಹೋಗಿದ್ರಾ, ಮನೆಯಲ್ಲಿ ನಾಯಿ ಬೆಕ್ಕು ಇದೆಯಾ, ಯಾರಿಗಾದರೂ ಟಿಬಿ ಇತ್ತಾ. ಹಸಿ ಹಾಲು ಕುಡಿಯುತ್ತೀರಾ ಎಂದೂ ಕೇಳಿದರು. ಅಂಕಲ್ ಇಲ್ಲವೇ ಇಲ್ಲ ಎಂದು ತಲೆಯಾಡಿಸಿದರು. ಕಾಫಿಯ ಹಾಲನ್ನೇ ಎರಡು ಸಲ ಉಕ್ಕಿಸುವವರು, ಸುಳ್ಳೇನೂ ಹೇಳಲಿಲ್ಲ. ಯಾವ ರಿಪೋರ್ಟಿನಲ್ಲೂ ಏನೂ ಸಿಗದಿದ್ದಾಗ ಡಾಕ್ಟರು ಬೋನ್ ಮ್ಯಾರೋ ಕಲ್ಚರ್ ಮಾಡಬೇಕು ಎಂದರು. ಮೂಳೆಯ ಒಳಗಿನ ಮಜ್ಜೆ ತೆಗೆದು ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ.

ಆ ಮಾತು ಕಿವಿಗೆ ಬಿದ್ದದ್ದೇ ಅವರು ಗೋಡೆಗೆ ತಿರುಗಿ ಮಲಗಿಬಿಟ್ಟರು. ತುಮಕೂರಿನಿಂದ ಬಂದಿದ್ದ ಅಣ್ಣನ ಮಗ, ಮಜ್ಜೆ ಅಂದರೆ ಕ್ಯಾನ್ಸರ್ರೇ, ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತೆ ಎಂದು ಕಾರಿಡಾರಿನಲ್ಲಿ ನಿಂತು, ಒಳಗೆ ಕೇಳಿಸುವ ಹಾಗೆಯೇ ಹೇಳಿದ. ಹೇಳಿ ಸಂಜೆಯ ಬಸ್ಸಿಗೆ ಊರಿಗೆ ಹೋದ. ನನಗೂ ಒಳಗೊಳಗೇ ಹೆದರಿಕೆ. ಆದ್ದರಿಂದ ಡಾಕ್ಟರನ್ನು ಹಿಡಿದು ನಿಲ್ಲಿಸಿ ಎಲ್ಲ ಕೇಳಿದೆ. ಆಕೆ ಹೇಳಿದ್ದನ್ನು ಇಲ್ಲಿ ಹೇಳಿಯೇ ಮುಂದಕ್ಕೆ ಹೋಗುತ್ತೇನೆ, ನಾಳೆ ಬೇರೆ ಯಾರಾದರೂ ಹೀಗೆ ಗೋಡೆಗೆ ತಿರುಗಿ ಮಲಗಬಹುದು.

ಸೂಜಿ ಹಾಕುವುದು ಬೆನ್ನುಹುರಿಗಲ್ಲ. ಸೊಂಟದ ಹಿಂದೆ, ಕೈಯಿಟ್ಟರೆ ಸಿಗುವ ದಪ್ಪ ಮೂಳೆಗೆ. ಕಾಲು ಬಿದ್ದುಹೋಗುತ್ತದೆ ಎಂಬ ಭಯ ಬೇಡ. ಮರಗಟ್ಟುವ ಇಂಜೆಕ್ಷನ್ ಮೊದಲು ಕೊಡುತ್ತಾರೆ. ಆಮೇಲೂ ಒತ್ತಿದ ಹಾಗೆ ಆಗುತ್ತದೆ, ಮಜ್ಜೆ ಎಳೆಯುವ ಆ ಒಂದು ಕ್ಷಣ ಜೋರಾಗಿ ನೋಯುತ್ತದೆ, ನೋಯುವುದೇ ಇಲ್ಲ ಎಂದರೆ ನಂಬಬೇಡಿ. ಕ್ಯಾನ್ಸರ್ ಇದೆಯೇ ಎಂದು ನೋಡುವುದಕ್ಕೂ ಮಜ್ಜೆ ತೆಗೆಯುತ್ತಾರೆ ನಿಜ, ಆದರೆ ಕಲ್ಚರ್ ಎಂದರೆ ಹುಡುಕುತ್ತಿರುವುದು ರೋಗಾಣುವನ್ನು. ರಕ್ತದಲ್ಲಿ ಸಿಗದೆ ತಪ್ಪಿಸಿಕೊಂಡದ್ದು ಎಷ್ಟೋ ಸಲ ಮಜ್ಜೆಯಲ್ಲಿ ಅವಿತಿರುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಆ್ಯಂಟಿಬಯೋಟಿಕ್ ನುಂಗಿದ್ದರಂತೂ ಮುಚ್ಚಿಡಲೇಬಾರದು, ಅದು ರೋಗಾಣುವನ್ನು ಅರ್ಧ ಸಾಯಿಸಿ ಬಾಟಲಿಯಲ್ಲಿ ಬೆಳೆಯದ ಹಾಗೆ ಮಾಡುತ್ತದೆ. ಇದನ್ನು ಕೇಳಿದ್ದೇ ನಾನು ಅಂಕಲ್ ಕಡೆ ನೋಡಿದೆ. ಅವರು ಗೋಡೆ ನೋಡುತ್ತಲೇ ಮೆಡಿಕಲ್ ಶಾಪಿನ ಮಾತ್ರೆಯ ಕತೆ ಒಪ್ಪಿಸಿದರು. ಡಾಕ್ಟರು ಬೈಯಲಿಲ್ಲ, ಎಲ್ಲ ಮಾತ್ರೆ ನಿಲ್ಲಿಸಿ ಕೆಲವು ದಿನ ಕಾದರು.

ಪರೀಕ್ಷೆಯ ಹಿಂದಿನ ದಿನ ಸಂಜೆ ಅವರು ಸೋಮವಾರದೊಳಗೆ ಮನೆಗೆ ಬಿಡುತ್ತಾರಾ ಎಂದು ಕೇಳಿದರು. ಹೋದ ಸೋಮವಾರವೂ ತಪ್ಪಿದೆ, ಇದೂ ತಪ್ಪುತ್ತದಾ ಎಂದರು. ನನಗೆ ರೇಗಿತು. ಜೀವಕ್ಕಿಂತ ಪೂಜೆ ಹೆಚ್ಚಾ, ದೇವರು ನಾಲ್ಕು ದಿನ ಸ್ನಾನ ಇಲ್ಲದೆ ಇರಲಿ ಬಿಡಿ ಎಂದೆ. 

"ದೇವ್ರ ಮಾತಲ್ಲ ತಾಯಿ," ಎಂದರು ಅವರು. "ಅಂಗಡೀಲಿ ಇರೋವಾಗ ಜನಾನೇ ನನ್ನ ಹತ್ರ ಬರೋರು. ಮನೇಲಿ ಅವಳಿದ್ಲು, ಅವಳನ್ನ ನೋಡೋಕೆ ಬರೋರು. ನಂಗೆ ಯಾರ ಮನೆಗಾದ್ರೂ ಸುಮ್ನೆ ಹೋಗೋದು ಹೆಂಗೆ ಅಂತಾನೇ ಗೊತ್ತಿಲ್ಲ. ಬೆಲ್ ಒತ್ತಿ ಏನಂತ ಹೇಳ್ಲಿ? ಆ ಬಟ್ಲು ಕೈಲಿದ್ರೆ ಕೇಳೋರಿಲ್ಲ. ಈ ಜ್ವರ ಏನಾದ್ರೂ ಆಗ್ಲಿ, ಆ ನಾಲ್ಕು ಬಾಗ್ಲು ತಪ್ಪದಿದ್ರೆ ಸಾಕು."

ನಾನು ಆಸ್ಪತ್ರೆಯ ಆ ಉಪ್ಪಿಲ್ಲದ ಸಾರನ್ನು ಅನ್ನಕ್ಕೆ ಕಲಸಿ ಕೊಟ್ಟೆ, ತಿಂದರು.

ಪರೀಕ್ಷೆ ಗುರುವಾರ ಆಯಿತು. ಪರದೆಯ ಈಚೆ ನಿಂತಿದ್ದೆ. ಒಂದು ಸಲ 'ಶಿವನೇ' ಎಂದದ್ದು ಕೇಳಿಸಿತು, ಅಷ್ಟೇ. ಮಜ್ಜೆಯನ್ನು ಅಲ್ಲಿಯೇ ಒಂದು ಬಾಟಲಿಗೆ ಹಾಕಿದರು, ರೋಗಾಣುವಿಗೆ ಊಟ ಇಟ್ಟು ಕರೆಯುವ ಬಾಟಲಿಯಂತೆ ಅದು. ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಒತ್ತಿ ಅಂಗಾತ ಮಲಗಿಸಿದರು, ಒಂದು ದಿನ ನೀರು ತಾಗಿಸಬೇಡಿ ಎಂದರು. ಅಂಕಲ್ ಬೆವರಿದ ಮುಖದಲ್ಲೇ ಡಾಕ್ಟರನ್ನು ನೋಡಿ, ರಕ್ತ ಆಯ್ತು, ಕಫ ಆಯ್ತು, ಮೂಳೆದೂ ಆಯ್ತು, ಇನ್ನೇನು ಕೊಡ್ಲಿ ಎಂದರು. ನರ್ಸ್ ನಕ್ಕಳು. ನನಗೆ ಮಾತ್ರ ಅಳು ಬಂತು, ಕ್ಯಾಂಟೀನಿಗೆ ಹೋಗಿ ಬರುತ್ತೇನೆ ಎಂದು ಆಚೆ ಬಂದೆ.

ದಿನವೂ ಲ್ಯಾಬಿನಿಂದ ಒಂದೇ ಉತ್ತರ, ಇನ್ನೂ ಏನೂ ಬೆಳೆದಿಲ್ಲ. ಏನೂ ಬೆಳೆದಿಲ್ಲ ಎಂದರೆ ಏನೂ ಇಲ್ಲ ಎಂದು ಅರ್ಥವಲ್ಲ, ಕೆಲವು ರೋಗಾಣು ನಿಧಾನ, ಟಿಬಿಯಂಥದ್ದಕ್ಕೆ ವಾರಗಟ್ಟಲೆ ಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ಯಾವುದನ್ನು ಹುಡುಕುತ್ತಿದ್ದೇವೆ ಎಂದು ಸುಳಿವಿಲ್ಲದಿದ್ದರೆ ಸಾಮಾನ್ಯ ಬಾಟಲಿಗಳನ್ನು ಕೆಲವು ದಿನ ನೋಡಿ ಮುಗಿಸಿಬಿಡುತ್ತಾರಂತೆ.

ಸೋಮವಾರ ಬೆಳಗ್ಗೆ ನಾನು ಹೋದಾಗ ಅವರು ಮನೆಯ ಬೀಗದ ಕೈ ಹಿಡಿದು ಕಾಯುತ್ತಿದ್ದರು. ನೀವೇ ಹೋಗಿ ಈಶ್ವರನ ಮೇಲೆ ಎರಡು ಹನಿ ಹಾಲು ಹಾಕಿ ಬನ್ನಿ ಎಂದರು. ಸರಿ, ನನ್ನ ಮನೆಯಲ್ಲಿ ಪ್ಯಾಕೆಟ್ ಇದೆ ಎಂದೆ. ಪ್ಯಾಕೆಟ್ ಆಗುವುದಿಲ್ಲ, ಗೊಟ್ಟಿಗೆರೆಗೆ ಹೋಗಿ ತರಬೇಕು, ಒಲೆಯ ಹತ್ತಿರವೂ ತರಬಾರದು, ಮಿಕ್ಕದ್ದನ್ನು ಚೆಲ್ಲಬಾರದು, ನಾನಾದರೆ ಒಂದು ಲೋಟ ಕುಡಿದುಬಿಡುತ್ತೇನೆ, ನಿಮಗೆ ಆಗದಿದ್ದರೆ ಗಿಡಕ್ಕೆ ಹಾಕಿ ಎಂದರು. ನಾನು ಕೇಳುತ್ತಾ ಕೇಳುತ್ತಾ ನಿಂತಲ್ಲೇ ನಿಂತೆ.

"ಡಾಕ್ಟ್ರು ಹಸಿ ಹಾಲು ಕುಡೀತೀರಾ ಅಂತ ಕೇಳಿದಾಗ ಇಲ್ಲ ಅಂದ್ರಲ್ಲ ಅಂಕಲ್?"

ಅವರು ನನ್ನನ್ನು, ಬುದ್ಧಿ ಇದೆಯೋ ಇಲ್ಲವೋ ಎನ್ನುವ ಹಾಗೆ ನೋಡಿದರು. "ಅದು ಹಾಲಲ್ಲ ತಾಯಿ," ಎಂದರು. "ತೀರ್ಥ."

ನಾನು ಓಡಿದೆ. ಡಾಕ್ಟರು ಒಪಿಡಿಯಲ್ಲಿದ್ದರು, ಸಾಲು ಮುರಿದು ಒಳಗೆ ಹೋದೆ, ಬೈಸಿಕೊಂಡೆ, ಹೇಳಿದೆ. ಆಕೆ ಅರ್ಧ ಕೇಳುವಷ್ಟರಲ್ಲೇ ಲ್ಯಾಬಿಗೆ ಫೋನ್ ಮಾಡಿ, ಆ ಬಾಟಲಿ ಎಸೆಯಬೇಡಿ, ಇನ್ನೂ ಬಹಳ ದಿನ ಇಡಿ, ತೆರೆಯುವಾಗ ಎಚ್ಚರ, ಮೂಗಿಗೆ ಹೋದರೆ ನಿಮಗೂ ಬರುತ್ತೆ ಎಂದರು. ಅದೇ ದಿನ ರಕ್ತವನ್ನು ಬೇರೊಂದು ಪರೀಕ್ಷೆಗೂ ಕಳಿಸಿದರು. ಅದರಲ್ಲಿ ಗುರುತು ಸಿಕ್ಕಿತು. ಆ ವಾರ ಮುಗಿಯುವುದರೊಳಗೆ ಬಾಟಲಿಯಲ್ಲೂ ಬೆಳೆಯಿತು. ಬ್ರುಸೆಲ್ಲಾ ಎಂದು ಅದರ ಹೆಸರು. ಹಸುಗಳು ದಿನ ತುಂಬುವ ಮೊದಲೇ ಕರು ಕಳೆದುಕೊಳ್ಳುತ್ತವಲ್ಲ, ನಮ್ಮ ಕಡೆ ಕಂದು ಹಾಕುವುದು ಎನ್ನುತ್ತಾರೆ, ಆ ರೋಗ. ಕಾಯಿಸದ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಗೊಟ್ಟಿಗೆರೆಯವನನ್ನು ಫೋನಿನಲ್ಲಿ ವಿಚಾರಿಸಿದರೆ, ಹೌದು, ಎರಡು ಹಸು ಕಂದು ಹಾಕಿದ್ದವು ಎಂದ.

ಕ್ಯಾನ್ಸರ್ ಅಲ್ಲ, ಟಿಬಿ ಅಲ್ಲ, ಒಂದೂವರೆ ತಿಂಗಳು ಮಾತ್ರೆ ತಪ್ಪದೆ ನುಂಗಿದರೆ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವರ ಮುಖ ಮಾತ್ರ ಬಿಳಿಚಿಕೊಂಡಿತು. ತೀರ್ಥ ತೆಗೆದುಕೊಂಡವರಿಗೂ ಬರುತ್ತದಾ ಎಂದು ಕೇಳಿದರು. ಒಂದು ಚಮಚಕ್ಕೆ ಬರುವ ಸಂಭವ ಕಡಿಮೆ, ಆದರೂ ಯಾರಿಗಾದರೂ ಜ್ವರ, ಕೀಲುನೋವು ಇದ್ದರೆ, ಬಸುರಿಯರಿದ್ದರೆ ರಕ್ತಪರೀಕ್ಷೆ ಮಾಡಿಸಿಬಿಡುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಬಸುರಿಯರು ಎಂದದ್ದೇ ಅವರು ಕಣ್ಣು ಮುಚ್ಚಿಕೊಂಡರು. ಮೊದಲನೇ ಮಹಡಿಯ ಹುಡುಗಿಗೆ ಆಗ ಐದು ತಿಂಗಳು, ಹೆಣ್ಣುಮಗು ಬೇಕಂತೆ ಎಂದು ಅವಳಿಗೆ ತೀರ್ಥದ ಜೊತೆ ಹೂವನ್ನೂ ಕೊಡುತ್ತಿದ್ದರು.

ಅಸೋಸಿಯೇಷನ್ ಸೆಕ್ರೆಟರಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದರೆ ಮುಗಿಯಿತಲ್ಲ ಎಂದರು. ಅಂಕಲ್ ಒಪ್ಪಲಿಲ್ಲ. ಕೊಟ್ಟವನು ನಾನು, ಹೇಳುವವನೂ ನಾನೇ ಎಂದರು. ಡಿಸ್ಚಾರ್ಜ್ ಆಗಿ ಬಂದ ದಿನವೇ, ಸರಿಯಾಗಿ ನಿಲ್ಲಲು ಆಗದಿದ್ದರೂ, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಬೆಲ್ ಒತ್ತಿದರು. ನಾನು ಹಿಂದೆ ಹೋದೆ. ಪ್ರತಿ ಬಾಗಿಲಿನಲ್ಲೂ ಹಿಂದೆ ಸರಿದು ನಿಂತು, ಖಾಲಿ ಕೈಗಳನ್ನು ಜೋಡಿಸಿ, ನಾನು ಕೊಟ್ಟದ್ದರಲ್ಲಿ ದೋಷವಿತ್ತು ಎಂದು ಶುರುಮಾಡಿ ಎಲ್ಲ ಹೇಳುವರು. ಮೊದಲನೇ ಮನೆಯಲ್ಲಿ ಹೇಳಿ ಮುಗಿಸಿ, ಅಭ್ಯಾಸಬಲ, 'ಇನ್ನೇನು' ಎಂದವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಆಮೇಲೆ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ.

ಯಾರಿಗೂ ಏನೂ ಆಗಿರಲಿಲ್ಲ. ನನ್ನ ರಕ್ತ ಸರಿಯಾಗಿ ಬಂತು, ಎಲ್ಲರದೂ ಸರಿಯಾಗಿ ಬಂತು. ಮೊದಲನೇ ಮಹಡಿಯ ಹುಡುಗಿಯ ರಿಪೋರ್ಟು ಬರುವವರೆಗೆ ಅವಳ ಅತ್ತೆ ಲಿಫ್ಟಿನಲ್ಲಿ, ಗೇಟಿನಲ್ಲಿ, ಸಿಕ್ಕಸಿಕ್ಕಲ್ಲಿ ಅಂಕಲ್‌ಗೆ ಹಿಡಿಶಾಪ ಹಾಕಿದರು. ರಿಪೋರ್ಟು ಸರಿಯಿದೆ ಎಂದು ತಿಳಿದ ಮೇಲೆ ಶಾಪ ನಿಂತಿತು, ಮಾತೂ ನಿಂತಿತು. ಆಕೆಯನ್ನು ನಾನು ದೂರುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ವಿಷಯ, ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಮಾತ್ರೆ ಮುಗಿಯಿತು. ಜ್ವರ ಹೋಯಿತು, ಮೈ ತುಂಬಿಕೊಂಡಿತು. ಒಂದು ಸೋಮವಾರ ಮತ್ತೆ ಬೆಲ್ ಆಯಿತು. ಬಟ್ಟಲಿನಲ್ಲಿ ಈ ಸಲ ಬರೀ ನೀರು, ಕುದಿಸಿ ಆರಿಸಿದ್ದು. ದೇವರಿಗೆ ಹೇಳಿ ಒಪ್ಪಿಸಿದ್ದೀನಿ ತಾಯಿ, ಇನ್ಮೇಲೆ ಹೀಗೇ ಎಂದರು. ನಾನು ಕೈ ಒಡ್ಡಿ ಕುಡಿದೆ. ಅವರು ಮುಂದಿನ ಮನೆಗೆ ಹೋದರು. ಎದುರು ಮನೆಯ ಹುಡುಗಿ ಈಗ ತಾನೇ ಕಾಫಿ ಕುಡಿದೆ ಅಂಕಲ್ ಎಂದಳು. ಇನ್ನೊಂದು ಮನೆಯವರು ಅಲ್ಲೇ ಇಟ್ಟಿರಿ, ಸ್ನಾನ ಮಾಡಿ ತಗೋತೀವಿ ಎಂದರು. ತೀರ್ಥವನ್ನು ಯಾರಾದರೂ ಇಟ್ಟು ಹೋಗುತ್ತಾರಾ? ಒಂದು ಮನೆಯಲ್ಲಿ ಮಗು ಓಡಿಬಂದು ಅಂಗೈ ಚಾಚಿತು. ತಾಯಿ ಅದರ ಕೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಹಿಂದಕ್ಕೆ ಎಳೆದುಕೊಂಡಳು. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ನಗುತ್ತಲೇ ಬೇಡ ಎಂದರು.

ವಾರ ವಾರ ಅವರ ಸುತ್ತು ಚಿಕ್ಕದಾಗುತ್ತಾ ಬಂತು. ಕೊನೆಗೆ ಮೇಲಿನಿಂದ ಇಳಿದು ನನ್ನ ಬಾಗಿಲಿಗೆ ಬಂದು, ಹಾಗೇ ಮೇಲೆ ಹತ್ತಿ ಹೋಗುವರು. ಆಮೇಲೆ ಅದೂ ನಿಂತಿತು. ಒಂದು ಸೋಮವಾರ ಕಾದೆ, ಎರಡನೇ ಸೋಮವಾರ ಕಾದು ಕಾದು ತಲೆ ಕೆಟ್ಟು ಮೇಲೆ ಹೋದೆ. ಯಾಕೆ ಬರಲಿಲ್ಲ ಎಂದು ಬಾಗಿಲಲ್ಲೇ ಜಗಳ ತೆಗೆದೆ.

"ನಾನು ಬೆಲ್ ಒತ್ತಿದ್ರೆ ಒಳಗೆ ಟಿವಿ ಆಫ್ ಆಗುತ್ತೆ ತಾಯಿ," ಎಂದರು ಅವರು. "ಮನೇಲಿ ಯಾರೂ ಇಲ್ಲ ಅನ್ನೋ ಹಂಗೆ. ನಾನು ಹೋಗೋವರ್ಗೂ ಉಸಿರು ಬಿಗಿಹಿಡ್ಕೊಂಡು ನಿಂತಿರ್ತಾರೆ. ಅವ್ರಿಗೆ ಯಾಕೆ ತೊಂದ್ರೆ?"

ನಾನು ತೆಗೆಯುತ್ತೇನಲ್ಲ ಎಂದೆ. ನೀವು ನನ್ನ ಮುಖ ನೋಡಿ ಕೈ ಒಡ್ಡುತ್ತೀರಿ, ದೇವರಿಗಲ್ಲ, ಅದು ಗೊತ್ತಿದ್ದೂ ಕೊಟ್ಟರೆ ನನಗೆ ಸರಿಬರುವುದಿಲ್ಲ ಎಂದರು. ಸರಿಯಾದ ಮಾತೇ.  ಸಿಟ್ಟಿಗೋ ಏನೋ, ಯಾರ ಹತ್ತಿರವೂ ಹೇಳದ ಮಾತು ಬಾಯಿಗೆ ಬಂದುಬಿಟ್ಟಿತು.

"ನನ್ನ ಮನೆಗೂ ಬೇರೆ ಯಾರೂ ಬರಲ್ಲ ಅಂಕಲ್."

ಅವರು ನನ್ನನ್ನು ನೋಡಿದರು. ನಾನು ಇಳಿದು ಬಂದು ಬಾಗಿಲು ಹಾಕಿಕೊಂಡು, ಯಾಕಾದರೂ ಹೇಳಿದೆನೋ ಎಂದು ಇಡೀ ದಿನ ನನ್ನನ್ನೇ ಬೈದುಕೊಂಡೆ.

ಮುಂದಿನ ಸೋಮವಾರ ಬೆಲ್ ಆಯಿತು. ಕಿಂಡಿಯಿಂದ ನೋಡಿದೆ. ಮೆಟ್ಟಿಲಿನ ಅಂಚಿನಲ್ಲಿ ನಿಂತಿದ್ದರು, ಪಂಚೆ, ಟವಲು, ವಿಭೂತಿ ಎಲ್ಲ ಇತ್ತು. ಕೈಯಲ್ಲಿ ಬಟ್ಟಲು ಇರಲಿಲ್ಲ. ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒಮ್ಮೆ ಟವಲು ಹಿಡಿದರು, ಒಮ್ಮೆ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಬಾಗಿಲು ತೆಗೆದೆ. ಆ ವಯಸ್ಸಿನ ಮನುಷ್ಯ, ಹೊಸ ಸ್ಕೂಲಿಗೆ ಬಂದ ಮಗುವಿನ ಹಾಗೆ ತಲೆ ತಗ್ಗಿಸಿಕೊಂಡು ನಿಂತಿದ್ದರು.

"ಸುಮ್ನೆ ಬಂದೆ ತಾಯಿ," ಎಂದರು.

ಒಳಗೆ ಬಂದು ಕೂತರು. ಕಾಫಿ ಕೊಟ್ಟೆ, ಕುಡಿದರು. ಮಾತಾಡುವುದಕ್ಕೆ ಇಬ್ಬರಿಗೂ ಏನೂ ಇರಲಿಲ್ಲ, ಈರುಳ್ಳಿಯ ಬೆಲೆ, ಮೆಟ್ರೋ ಕೆಲಸದ ಧೂಳು, ನನ್ನ ಅಕ್ಕನ ಮಂಡಿ, ಅಷ್ಟೇ. ಹಾಗೆ ಕೆಲವೇ ಸೋಮವಾರ ಬಂದರು. ಒಂದು ಮಧ್ಯಾಹ್ನ ಅಡುಗೆ ಕಾರ್ಯಕ್ರಮ ನೋಡುತ್ತಾ ಕುರ್ಚಿಯಲ್ಲೇ ಹೃದಯ ನಿಂತುಹೋಯಿತು. ಟಿವಿ ಸಂಜೆಯವರೆಗೆ ನಿಲ್ಲದ್ದು ಕೇಳಿ ಮೇಲೆ ಹೋದವಳು ನಾನು. ಅಣ್ಣನ ಮಗ ಬಂದ, ಎಲ್ಲ ಮುಗಿಸಿದ, ಮನೆ ಬಾಡಿಗೆಗೆ ಕೊಟ್ಟ.

ಈಗ ಅಲ್ಲಿ ಹೊಸಬರು, ಗಂಡ ಹೆಂಡತಿ ಇಬ್ಬರೇ. ಸೋಮವಾರ ಬೆಳಗ್ಗೆ ನನ್ನ ಮನೆ ತೀರಾ ಸುಮ್ಮನಿರುತ್ತದೆ. ಕಾಫಿ ಬೆರೆಸುವುದನ್ನೇ ತಡಮಾಡುತ್ತೇನೆ. ಮೊನ್ನೆ ಸೋಮವಾರ ತಡೆಯಲಾರದೆ ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು, ಮೇಲೆ ಹತ್ತಿ ಅವರ ಬೆಲ್ ಒತ್ತಿದೆ. ಆ ಹುಡುಗಿ ಬಾಗಿಲು ತೆಗೆದು, "ಹೇಳಿ ಆಂಟಿ, ಏನಾಗ್ಬೇಕಿತ್ತು?" ಎಂದಳು. ಒಳ್ಳೆಯ ಹುಡುಗಿ, ಮುಖದಲ್ಲಿ ನಗುವಿತ್ತು. 'ಸುಮ್ನೆ ಬಂದೆ' ಎಂಬ ಆ ಎರಡು ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ನಿಮ್ಮ ನಲ್ಲಿಯಲ್ಲಿ ನೀರು ಬರ್ತಿದೆಯಾ ಎಂದು ಕೇಳಿದೆ. ಬರ್ತಿದೆ ಆಂಟಿ ಎಂದಳು. ಸರಿ ಎಂದು ಇಳಿದು ಬಂದೆ.